ನೂರರ ಮೇಲಿನೆರಡು ಕಾಯಿ

ಅಂಗಳ ಗುಡಿಸಿದೆ, ಎಮ್ಮೆಗೆ ಬೂಸಾ ಕಲಸಿಟ್ಟೆ, ಬಿಳಿಗೆರೆಗೆ ಹೊರಟ ನಾದಿನಿಯನ್ನು ಬಸ್ಸು ಹತ್ತಿಸಿದೆ, ಹುರುಳಿಯಲ್ಲಿದ್ದ ಕಲ್ಲು ಆರಿಸಿದೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತೆ. ಪ್ರೋಗ್ರಾಂ ಬರೆಯಲು ಕಲಿಯುವವರ ಗುಂಪಿನಲ್ಲಿ ಯಾರೋ ಹೊಸಬರು ಕೇಳಿದ್ದರು: "ನನ್ನ ಪ್ರೋಗ್ರಾಂ ಓಡುತ್ತಿಲ್ಲ, ಸಹಾಯ ಮಾಡಿ." ಅಷ್ಟೇ. ಯಾವ ಪ್ರೋಗ್ರಾಂ, ಏನಾಯಿತು, ಒಂದೂ ಇಲ್ಲ. "ಮೊದಲು ಕೇಳುವುದನ್ನು ಕಲಿಯಿರಿ" ಎಂದು ಅರ್ಧ ಟೈಪ್ ಮಾಡಿಯೂಬಿಟ್ಟಿದ್ದೆ. ಅಷ್ಟರಲ್ಲಿ ತಿಪಟೂರಿನ ಆ ಬ್ರೌಸಿಂಗ್ ಸೆಂಟರ್ ನೆನಪಾಯಿತು ನೋಡಿ.

ಎರಡು ಸಾವಿರದ ಆಸುಪಾಸು. ಮಕ್ಕಳನ್ನು ಶಾಲೆಗೆ ಕಳಿಸಿ ನಾನೂ ಗೆಳತಿ ಗಿರಿಜಳೂ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆವು. ಕೊಬ್ಬರಿಗೆಂದು ಅಟ್ಟಕ್ಕೆ ಕಾಯಿ ಏರಿಸುವಾಗ ನೂರಕ್ಕೆ ಎರಡು ಹೆಚ್ಚು ಹಾಕುವುದು ನಮ್ಮ ಮನೆಯ ಪದ್ಧತಿ. ವರ್ಷ ಕಳೆಯುವುದರೊಳಗೆ ಒಂದೆರಡು ಕೊಳೆತೇ ಕೊಳೆಯುತ್ತವೆ. ಆ ಲೆಕ್ಕಕ್ಕೇ ನನ್ನ ಮೊದಲ ಪ್ರೋಗ್ರಾಂ. ಎಷ್ಟು ನೂರು ಕೊಟ್ಟರೂ ಅದು ನೂರಾ ಎರಡೇ ಅನ್ನುತ್ತಿತ್ತು. ಕ್ಲಾಸು ಮುಗಿಸಿ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಹರಕು ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿನ ಒಂದು ಗುಂಪಿಗೆ ಬರೆದೆ. ಪಳಗಿದವರೊಬ್ಬರ ಉತ್ತರ ಬಂತು: ನೂರು ಅಂದರೆ ನೂರು, ಈ ಎರಡು ಎಲ್ಲಿಂದ ಬಂತು, ಕೂಡುವುದನ್ನು ಕಲಿತು ಬನ್ನಿ.

"ಏನಂತೆ?" ಗಿರಿಜ ಬಗ್ಗಿ ನೋಡಿದಳು.

"ಕೂಡಾದು ಕಲ್ತು ಬಾ ಅಂತೆ."

"ಅವನ ಮನೇಲಿ ಅಟ್ಟ ಇಲ್ಲ ಕಣೇ, ಪಾಪ."

ನಗು ಬಂತು. ಆದರೂ "ಸಾಕು ಬುಡೇ, ನಾಳೆಯಿಂದ ಕ್ಲಾಸಿಗೂ ಬರಲ್ಲ" ಅಂದೆ. ನಿಜಕ್ಕೂ ಬಿಡುವವಳೇ ಇದ್ದೆ.

ಮರುದಿನ ಅವಳೇ ಎಳೆದುಕೊಂಡು ಹೋದಳು. "ಇನ್ಯಾರು ಬೈದವ್ರೆ ನೋಡಾನ ಬಾರೇ."

ಬೇರೆ ಯಾರೋ ಬರೆದಿದ್ದರು. ಊರು, ಹೆಸರು ಇವತ್ತಿಗೂ ತಿಳಿಯದು. ಅವರು ತಪ್ಪು ತೋರಿಸಿರಲಿಲ್ಲ, ಆ ಎರಡು ಯಾಕೆ ಬೇಕು ಎಂದು ಕೇಳಿದ್ದರು. ಅಟ್ಟದ ಕತೆಯನ್ನೆಲ್ಲ ಬರೆದೆ. ಹಾಗಾದರೆ ಎರಡು ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ. ಒಂದೊಂದು ನೂರು ಮುಗಿದಾಗಲೂ ಮೊತ್ತ ಪರದೆಯ ಮೇಲೆ ಕಾಣುವಂತೆ ಮಾಡಿ, ಏನು ಕಂಡಿತು ಹೇಳಿ ಎಂದರು. ಮಾಡಿದೆ. ಪ್ರತಿ ನೂರಕ್ಕೂ ಮುಂಚೆ ಮೊತ್ತವನ್ನು ನಾನೇ ಸೊನ್ನೆ ಮಾಡುತ್ತಿದ್ದೆ. ಅಟ್ಟ ತುಂಬಿಸಲು ಹೊರಟವಳು ಪ್ರತಿ ಸಲವೂ ಇದ್ದದ್ದನ್ನೆಲ್ಲ ಕೆಳಗಿಳಿಸಿದ ಹಾಗೆ. ಅವರಿಗೆ ಇದು ಮೊದಲೇ ಗೊತ್ತಿದ್ದಿರಬೇಕು. ಹೇಳಲಿಲ್ಲ, ಕಾಣುವ ಜಾಗಕ್ಕೆ ನನ್ನನ್ನು ತಂದು ನಿಲ್ಲಿಸಿ, ಕಾದರು.

ಹೊಸಬರಿಗೆಂದು ಅರ್ಧ ಟೈಪ್ ಮಾಡಿದ್ದನ್ನು ಅಳಿಸಿದೆ. "ಪ್ರೋಗ್ರಾಂ ಯಾತಕ್ಕಾಗಿ ಬರೆಯುತ್ತಿದ್ದೀರಿ? ಏನು ಬರಬೇಕಿತ್ತು, ಏನು ಬಂತು?" ಎಂದು ಕೇಳಿದೆ. ಸಂಜೆಗೆ ಉದ್ದದ ಉತ್ತರ. ಅದರ ಮೊದಲ ಸಾಲು, "ಬೈತೀರೇನೋ ಅಂದ್ಕೊಂಡಿದ್ದೆ." ಎಲ್ಲಿ ನೋಡಬೇಕೆಂದಷ್ಟೇ ಬರೆದು ಎದ್ದೆ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು. ಯಜಮಾನರು ಇನ್ನೂ ವಾರ್ತೆ ನೋಡುತ್ತಿದ್ದರು. ಮೊದಲು ಮಲಗಿದವಳು ನಾನೇ. ತಪ್ಪು ಹುಡುಕುತ್ತಾ ಕೂತ ಆ ಹೊಸಬರು ಮಲಗಿರಲಾರರು.