ಕ್ಯಾಟೆಕಿಸಂ ಪುಸ್ತಕದ ರಷ್ಯನ್ ಬೈಂಡು

ಆ ಬೆಳಿಗ್ಗೆಯೂ ಎಂದಿನಂತೆ ಮಗಳ ಡಬ್ಬಿಗೆ ಚಪಾತಿ ಸುತ್ತಿಟ್ಟು, ಚೆಲ್ಲಿದ ಹಾಲು ಒರೆಸುತ್ತಿದ್ದೆ. ಊರು ಬಿಟ್ಟು ಪರದೇಶದ ದಿ ಪಾಂಡ್ಸ್ ಎಂಬ ಈ ಬಡಾವಣೆಗೆ ಬಂದು ಅದು ಮೂರನೆಯ ವರ್ಷ. ಶೂ ಲೇಸು ಕಟ್ಟುತ್ತಾ ಮಗಳು ಕೇಳಿದಳು.

“ಮಮ್, ಕೋಲ್ಡ್ ವಾರ್ ಟೈಮಲ್ಲಿ ನೀನು ಇದ್ದೆ ಅಲ್ವಾ? ನಾಳೆ ಹಿಸ್ಟರಿ ಪೋಸ್ಟರ್ ಕೊಡ್ಬೇಕು. ಯು ಮಸ್ಟ್ ಹ್ಯಾವ್ ಸಮ್‌ಥಿಂಗ್!”

“ಮಂಗಳೂರಲ್ಲಿ ಎಂತ ಕೋಲ್ಡ್ ವಾರ್ ಮಾರಾಯ್ತಿ” ಎಂದೆ. ಆದರೆ ಕೈ ಜಪಸರ ಇಡುವ ಡ್ರಾಯರ್‌ಗೆ ಹೋಯಿತು. ಅಲ್ಲಿ ನನ್ನ ಆರನೇ ಕ್ಲಾಸಿನ ಕ್ಯಾಟೆಕಿಸಂ, ಅಂದರೆ ಚರ್ಚಿನ ಧರ್ಮಪಾಠದ ಪುಸ್ತಕವಿತ್ತು.

ಆಗ ನಮ್ಮ ಮನೆಗೆ ರಷ್ಯಾದ್ದೊಂದು, ಅಮೆರಿಕದ್ದೊಂದು ಬಣ್ಣದ ಪತ್ರಿಕೆ ಬರುತ್ತಿದ್ದವು. ಒಂದರಲ್ಲಿ ನಗುವ ಟ್ರ್ಯಾಕ್ಟರ್ ಹೆಂಗಸರು, ಇನ್ನೊಂದರಲ್ಲಿ ನಗುವ ಅಡುಗೆಮನೆಯ ಹೆಂಗಸರು. ಎರಡು ದೊಡ್ಡ ದೇಶಗಳು ನಮ್ಮ ಮನಸ್ಸು ಗೆಲ್ಲಲು ಹೊರಟಿದ್ದವು. ಪಪ್ಪ ನೋಡುತ್ತಿದ್ದದ್ದು ಕಾಗದ ಎಷ್ಟು ದಪ್ಪ ಎಂದು. ಜೂನ್ ಬಂದರೆ ನಮ್ಮ ಪುಸ್ತಕಗಳಿಗೆಲ್ಲ ಅದೇ ಬೈಂಡು. ಒಮ್ಮೆ ಕ್ಯಾಟೆಕಿಸಂಗೆ, ಸೇಬಿನ ಬುಟ್ಟಿ ಹಿಡಿದ ರಷ್ಯಾದ ಹುಡುಗಿ ಬಂದು ಕೂತಳು.

“ದೇವರನ್ನೇ ನಂಬದ ದೇಶದವಳು ಇಲ್ಲಿ ಎಂತ ಮಾಡ್ತಾಳೆ?” ಎಂದರು ಆ ಪಾಠ ಹೇಳುವ ಸಿಸ್ಟರ್. “ನಾಳೆ ಇವಳ ಮುಖ ನನಗೆ ಕಾಣಬಾರದು.” ಅಮೆರಿಕದ ಬೈಂಡು ಹಾಕಿದವರಿಗೆ ಏನೂ ಅನ್ನಲಿಲ್ಲ.

ಪಪ್ಪ ನಕ್ಕರು. “ಕಾಣಬಾರದು ಅಂದದ್ದಲ್ವ? ತೆಗೀಬೇಕು ಅನ್ನಲಿಲ್ಲವಲ್ಲ!” ಮೇಲೊಂದು ನ್ಯೂಸ್‌ಪೇಪರ್ ಸುತ್ತಿ, ಉಗುರಿನಿಂದ ಮಡಿಕೆ ತೀಡಿ ಕೊಟ್ಟರು.

ಇದನ್ನು ಕೇಳಿ ಮಗಳು ಕುಣಿದಳು. “ಪರ್ಫೆಕ್ಟ್! ಸಂಜೆ ಆ ಬೈಂಡ್ ಕಟ್ ಮಾಡಿ ಪೋಸ್ಟರ್‌ಗೆ ಅಂಟಿಸ್ತೀನಿ.”

ಪಪ್ಪ ತೀರಿಕೊಂಡ ಮೇಲೆ ಅವರ ಕೈಕೆಲಸವೆಂದು ನನ್ನ ಬಳಿ ಉಳಿದದ್ದು ಆ ಮಡಿಕೆಗಳು ಮಾತ್ರ. ಆದರೂ ಬೇಡ ಅನ್ನಲು ಮನಸ್ಸು ಬರಲಿಲ್ಲ. ಅಜ್ಜನ ಕತೆಯನ್ನು ಅವಳು ನಿಂತು ಕೇಳಿದ್ದು ಅದೇ ಮೊದಲು. ಇಡೀ ದಿನ ಬಟ್ಟೆ ಒಣಹಾಕುವಾಗ, ಒಗ್ಗರಣೆ ಹಾಕುವಾಗ, ಅದೇ ಯೋಚನೆ.

ಸಂಜೆ ನಾನೇ ನ್ಯೂಸ್‌ಪೇಪರ್ ಬಿಡಿಸಿದೆ. ಅದು ಹಳದಿಯಾಗಿ ಪುಡಿಪುಡಿ ಉದುರಿತು. ಒಳಗಿನ ಹುಡುಗಿಯ ಸೇಬುಗಳು ಮಾತ್ರ ಇನ್ನೂ ಕೆಂಪು. ಮಗಳು ಕತ್ತರಿ ತಂದಳು. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ನನ್ನ ತಟ್ಟೆ ವಾಪಸು ಕೊಡಲು ಬಂದರು. ರಷ್ಯಾದಲ್ಲೇ ಹುಟ್ಟಿ ಓದಿದವರು. ಮಗಳು ಹೆಮ್ಮೆಯಿಂದ ತೋರಿಸಿದಳು. ಅವರು ಚಿತ್ರ ನೋಡಲಿಲ್ಲ. ಕಾಗದದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ಆಮೇಲೆ ತಮ್ಮ ಒರಟು ಇಂಗ್ಲಿಷಿನಲ್ಲಿ ಅಂದರು:

“ಓಹೋ, ಒಳ್ಳೇ ಪೇಪರೆಲ್ಲ ನಿಮ್ಮೂರಿಗೆ ಹೋಗ್ತಿತ್ತಾ! ನಮ್ಮಮ್ಮ ನನ್ನ ಪುಸ್ತಕಕ್ಕೆ ಹಳೇ ನ್ಯೂಸ್‌ಪೇಪರ್ ಹಾಕ್ತಿದ್ದಳು. ಇಂಥದ್ದನ್ನ ಯಾರಾದ್ರೂ ಕತ್ತರಿಸ್ತಾರಾ? ಪುಸ್ತಕದ ಸಮೇತ ತಗೊಂಡು ಹೋಗಿ ತೋರ್ಸು.”