ಬ್ರೆಡ್ಡಕ್ಕನ ಒಲೆಯಲ್ಲಿ ಬೆಂದ ದೀಪಗಳು

ಕಾರಿನ ಹೆಡ್‌ಲೈಟನ್ನು ಬಿಚ್ಚಬೇಕಾದರೆ ಮೊದಲು ಅದನ್ನು ಬೇಯಿಸಬೇಕು. ಈ ಮಾತು ಕೇಳಿದವರೆಲ್ಲ ನಗುತ್ತಾರೆ. ಬ್ರೆಡ್ಡಕ್ಕನೂ ಮೊದಲ ಸಲ ನಕ್ಕಿದ್ದಳು.

ಆಗ ಅವಳು ಮನೆಯ ಹಿಂದಿನ ಕೋಣೆಯಲ್ಲಿ ಬ್ರೆಡ್ಡು, ಬನ್ನು ಬೇಯಿಸಿ ಸುತ್ತಲಿನ ನಾಲ್ಕು ಅಂಗಡಿಗಳಿಗೆ ಕೊಡುತ್ತಿದ್ದಳು. ಬೀದಿಯವರಿಗೆ ಅವಳ ಹೆಸರು ಮರೆತೇಹೋಗಿ ಬ್ರೆಡ್ಡಕ್ಕ ಅನ್ನುವುದೇ ಉಳಿದಿತ್ತು. ಎರಡು ಬೀದಿಯಾಚೆ ಅವಳ ತಮ್ಮನದೊಂದು ಪುಟ್ಟ ಗ್ಯಾರೇಜು. ಒಂದು ಮಧ್ಯಾಹ್ನ ತಮ್ಮ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬಂದ.

"ಅಕ್ಕ, ನಿನ್ನ ಓವನ್ ಖಾಲಿ ಇದೆಯಾ?"

"ಇದೆ. ಏನದು, ಕುಂಬಳಕಾಯಾ?"

"ಲೈಟು."

ಮುಂದಿನ ಗಾಜು (ಅದು ಗಾಜಲ್ಲ, ಗಟ್ಟಿ ಪ್ಲಾಸ್ಟಿಕ್ಕು) ಹಿಂದಿನ ಡಬ್ಬಿಗೆ ಕಪ್ಪು ಗೋಂದಿನಲ್ಲಿ ಅಂಟಿಕೊಂಡಿರುತ್ತದೆ, ಹದವಾಗಿ ಬಿಸಿ ಮಾಡಿದರೆ ಗೋಂದು ಸಡಿಲುತ್ತದೆ, ಹೆಚ್ಚಾದರೆ ಎಲ್ಲ ಸೊಟ್ಟಗಾಗುತ್ತದೆ ಎಂದು ತಮ್ಮ ವಿವರಿಸಿದ. ಬಿಸಿಗಾಳಿ ಊದಿ ಅವನಾಗಲೇ ಎರಡನ್ನು ಹಾಳು ಮಾಡಿದ್ದ. "ನಿಂಗೆ ಬಿಸಿ ಗೊತ್ತಲ್ಲ, ಅದಕ್ಕೇ ಬಂದೆ" ಅಂದ.

ಬಿಸಿ ಅವಳಿಗೆ ಗೊತ್ತಿತ್ತು. ಓವನ್ನಿನ ಬಾಗಿಲು ತೆರೆದು ಮುಂಗೈಯ ಹಿಂಬದಿಯನ್ನು ಒಳಗೆ ತೋರಿಸಿದರೆ ಸಾಕು, ಬನ್ನಿನ ಬಿಸಿಯೋ ಬಿಸ್ಕತ್ತಿನ ಬಿಸಿಯೋ ಎಂದು ಹೇಳುತ್ತಿದ್ದಳು. ಇದು ಅವೆರಡಕ್ಕಿಂತ ಬಹಳ ಕಡಿಮೆ ಇರಬೇಕು, ಹಿಟ್ಟು ಉಬ್ಬಲು ಇಡುವುದಕ್ಕಿಂತ ಒಂದಿಷ್ಟು ಹೆಚ್ಚು. ತಟ್ಟೆಯ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಲೈಟು. ಹತ್ತು ನಿಮಿಷ ಇಬ್ಬರೂ ಓವನ್ನಿನ ಕಿಟಕಿಗೆ ಮುಖ ಒಡ್ಡಿ ಕೂತರು. ಆಮೇಲೆ ಅವಳು ಅದನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ತೆಗೆದು, ಅಂಚಿಗೆ ಎರಡೂ ಹೆಬ್ಬೆರಳು ಕೊಟ್ಟು ಮೆಲ್ಲಗೆ ಎಳೆದಳು. ಗೋಂದು ಕಪ್ಪು ಎಳೆಯೆಳೆಯಾಗಿ ಜಗ್ಗಿತು. ನಿದ್ದೆಯಿಂದ ಎದ್ದವರು ರೆಪ್ಪೆ ಬಿಡಿಸುವಷ್ಟು ನಿಧಾನವಾಗಿ ಗಾಜು ಬಿಟ್ಟುಕೊಂಡಿತು. ಒಳಗೊಂದು ಬೆಳ್ಳಿ ಬಣ್ಣದ ಬೋಗುಣಿ. ಅದರಲ್ಲಿ ಅವಳ ಮುಖ ಮೂವತ್ತು ಚೂರಾಗಿ ಮಿನುಗಿತು.

ಅವಳು ಹುಟ್ಟಿ ಬೆಳೆದದ್ದು ರಸ್ತೆಯ ತಿರುವಿನ ಮನೆಯಲ್ಲಿ. ಕತ್ತಲಾದ ಮೇಲೆ ಯಾವ ಗಾಡಿ ತಿರುಗಿದರೂ ಅದರ ಬೆಳಕು ಕಿಟಕಿಯಿಂದ ನುಗ್ಗಿ ಗೋಡೆ ಹತ್ತಿ, ಮಾಡಿನ ಉದ್ದಕ್ಕೂ ತೆವಳಿ, ಮೂಲೆಯಲ್ಲಿ ಇಂಗಿಹೋಗುತ್ತಿತ್ತು. ಅಕ್ಕ, ತಮ್ಮ ಒಂದೇ ಹೊದಿಕೆಯಲ್ಲಿ ಮಲಗಿ, ಬೆಳಕಿನ ಬಣ್ಣ ನೋಡಿ ಇದು ಲಾರಿ, ಇದು ಡಾಕ್ಟರ ಕಾರು ಎಂದು ಪಂದ್ಯ ಕಟ್ಟುತ್ತಿದ್ದರು. ತಮ್ಮನಿಗೆ ಬೇಗ ನಿದ್ದೆ ಹತ್ತುತ್ತಿತ್ತು. ಅವಳು ಮಾತ್ರ ಬೆಳಕು ಇಂಗಿದ ಮೂಲೆಯನ್ನೇ ನೋಡುತ್ತಿದ್ದಳು. ಅದು ಎಲ್ಲಿಗೆ ಹೋಯಿತು ಎಂದು ಯಾರನ್ನು ಕೇಳುವುದು? ದೊಡ್ಡವಳಾದ ಮೇಲೆ ಮದುವೆ, ಮಗಳು, ಮೈದಾ ಹಿಟ್ಟು. ಆ ಯೋಚನೆಗೆ ಪುರುಸೊತ್ತೇ ಆಗಿರಲಿಲ್ಲ.

ಆ ಮಧ್ಯಾಹ್ನದ ನಂತರ ತಮ್ಮ ವಾರಕ್ಕೆರಡು ಸಲ ಟವೆಲು ಹೊತ್ತು ಬರತೊಡಗಿದ. ಹಳೆಯ ಕಾರಿಗೆ ಹೊಸ ಕಳೆ ಬೇಕೆನ್ನುವವರು ಊರಲ್ಲಿ ಅಷ್ಟೊಂದು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು? ಹಳದಿಗಟ್ಟಿದ ಗಾಜು ಉಜ್ಜಿ ತಿಳಿಯಾಗಿಸುವುದು, ಒಳಗಿನ ಅಂಚಿಗೆ ಕಪ್ಪು ಬಣ್ಣ ಹೊಡೆಯುವುದು, ಬಲ್ಬಿನ ಸುತ್ತ ಬೆಳಕಿನ ಉಂಗುರ ಕೂರಿಸುವುದು. ಮೊದಮೊದಲು ಬರೀ ಓವನ್ ಕೊಡುತ್ತಿದ್ದವಳು ಆಮೇಲೆ ಸ್ಕ್ರೂಡ್ರೈವರ್ ಹಿಡಿದಳು. ತಮ್ಮನ ಕೈ ಇಂಜಿನ್ನಿಗೆ ಸರಿ, ಇಂಥ ನಾಜೂಕಿನ ಕೆಲಸಕ್ಕೆ ಒರಟು. ಬೋಗುಣಿಗೆ ಒಂದು ಬೆರಳು ತಾಗಿದರೆ ಆ ಗುರುತು ಜನ್ಮಕ್ಕೂ ಹೋಗದು. ಅವಳು ಕೂದಲು ಬಿಗಿದು, ಬಿಳಿ ಹತ್ತಿಯ ಕೈಗವಸು ತೊಟ್ಟು, ಗಾಜು ಮುಚ್ಚುವಾಗ ಉಸಿರು ಕೂಡ ಪಕ್ಕಕ್ಕೆ ಬಿಡುತ್ತಿದ್ದಳು. ಒಳಗೆ ಉಸಿರು ಹೊಕ್ಕರೆ ಚಳಿಗಾಲದಲ್ಲಿ ಮಂಜಾಗಿ ಕೂರುತ್ತದೆ.

ಒಬ್ಬ ಅಂಗಡಿಯವ ಮಾತ್ರ ಒಂದು ದಿನ ಬನ್ನು ಮೂಸಿ ನೋಡಿ, "ಬ್ರೆಡ್ಡಕ್ಕ, ಇದನ್ನ ತಿಂದವರಿಗೆ ಟೈರು ನೆನಪಾಗ್ತಿದೆಯಂತೆ" ಅಂದ. ಅವಳು ನಾಚಿ, ಬ್ರೆಡ್ಡಿಗೆ ಬೇರೆ ಓವನ್ ತಂದು, ಹಳೆಯದನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸಿದಳು. ಬೆಳಗ್ಗೆ ಹಿಟ್ಟು, ಮಧ್ಯಾಹ್ನ ದೀಪ ಎಂದಾಯಿತು.

ಅವಳ ಗಂಡ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದಿಡುವ ಕೆಲಸದವನು. ಸಂಜೆ ಸೈಕಲ್ಲಿನಲ್ಲಿ ಬಂದು, ಚಹಾದ ಲೋಟ ಹಿಡಿದು ಶೆಡ್ಡಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವಳು ಮುಗಿಸಿದ ಲೈಟಿಗೆ ಬ್ಯಾಟರಿ ಕೊಟ್ಟು ಗೋಡೆಗೆ ಬೆಳಕು ಬಿಡುವುದು ಆ ಹೊತ್ತಿಗೇ. ಮಾತು ಕಡಿಮೆಯ ಆಸಾಮಿ. ಬೆಳಕಿನ ಬಣ್ಣ ನೋಡಿ "ಇವತ್ತಿಂದು ಹಾಲು" ಅನ್ನುತ್ತಿದ್ದ. ಇನ್ನೊಂದು ದಿನ, "ಇದು ನಿಂಬೆ ಸಿಪ್ಪೆ." ಗೋಡೆಯ ಮೇಲೆ ಬೆಳಕು ಹರಡಿಕೊಂಡಾಗ ಅವಳ ಮುಖ ಚಿಕ್ಕ ಹುಡುಗಿಯದಾಗುತ್ತಿತ್ತು. ಅವನು ಗೋಡೆ ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ.

ಊರವರೆಲ್ಲ ಸ್ಟೈಲು ಎಂದೇ ಕರೆಯುತ್ತಿದ್ದವನು ಬಂದದ್ದು ಚಳಿಗಾಲದ ಶುರುವಿನಲ್ಲಿ. ಅವನು ಮುಖ್ಯರಸ್ತೆಯಲ್ಲಿ ಕಟಿಂಗ್ ಶಾಪ್ ಇಟ್ಟವನು. ತನ್ನ ಗಡ್ಡವನ್ನೇ ಅಂಗಡಿಯ ಬೋರ್ಡಿನಂತೆ ತೀಡಿಕೊಂಡಿದ್ದ. ಅವನ ನೀಲಿ ಕಾರಿಗೆ ಉಂಗುರ ಬೇಕು, ಹಗಲಿನಂಥ ಬೆಳಕು ಬೇಕು.

"ಒಳಗೊಂದು ಲೆನ್ಸು ಹಾಕ್ಬೇಕಾಗುತ್ತೆ. ಬರೋಕೆ ಮೂರು ವಾರ" ಎಂದ ತಮ್ಮ.

"ಮೂರು ವಾರನಾ? ಅಷ್ಟರಲ್ಲಿ ಗಡ್ಡದ ಫ್ಯಾಷನ್ನೇ ಬದಲಾಗುತ್ತೆ. ಇರೋ ಬೋಗುಣಿಗೇ ಜೋರು ಬಲ್ಬು ಹಾಕಿ. ಸ್ವಲ್ಪ ಮೇಲಕ್ಕೆತ್ತಿ, ದೂರದ ಮರದ ತುದಿ ಕಾಣ್ಬೇಕು."

ಲೈಟಿನ ಹಿಂದೆ ಅದನ್ನು ಎತ್ತಿ ಇಳಿಸುವ ಸ್ಕ್ರೂ ಇರುತ್ತದೆ. ಅವಳು ಅದನ್ನು ಆರು ಸುತ್ತು ತಿರುಗಿಸಿದಳು. ಮುಸ್ಸಂಜೆಯಲ್ಲಿ ನೀಲಿ ಕಾರು ಕಣ್ಣು ಬಿಟ್ಟಾಗ ಬೀದಿ ಬೀದಿಯೇ ಹಾಲಿನಲ್ಲಿ ಅದ್ದಿದಂತಾಯಿತು. ಉಂಗುರಗಳು ನೀಲಿ ಅಂಚಿನ ಎರಡು ಚಂದ್ರ. ಬೀದಿಯ ಜನ ನೋಡಲು ಸೇರಿದರು. ಆಮೇಲೆ ಬಂದವರೆಲ್ಲ, "ಸ್ಟೈಲು ಕಾರಿನ ಥರಾನೇ" ಅನ್ನತೊಡಗಿದರು. ಎರಡು ತಿಂಗಳಲ್ಲಿ ಅಂಥವು ಒಂಬತ್ತಾದವು.

ಹಾಗಿರುವಾಗ ಒಂದು ಸಂಜೆ ಗಂಡ ಸೈಕಲ್ಲನ್ನು ಒಂದೇ ಕೈಯಲ್ಲಿ ತಳ್ಳಿಕೊಂಡು ಬಂದ. ಕಿವಿಯವರೆಗೆ ಕೆಸರು. ಬಲಗೈಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಕೊಂಡಿದ್ದ.

"ನಾಯಿ ಅಡ್ಡ ಬಂತು" ಅಂದ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಮೂರನೆಯ ದಿನ ಬೆಳಗ್ಗೆ ಅವಳು ಅವನ ಅಂಗಿಗೆ ಗುಂಡಿ ಹಾಕುತ್ತಾ, ಸುಮ್ಮನೆ ಮಾತಿಗೆಂಬಂತೆ ಕೇಳಿದಳು, "ರೀ, ಆ ನಾಯಿ ಯಾವ ಬಣ್ಣದ್ದು?"

ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ. "ಬಿಳಿ" ಅಂದ. ಆಮೇಲೆ, ಸುಳ್ಳು ಹೇಳಿ ಅಭ್ಯಾಸವಿಲ್ಲದವನಾದ್ದರಿಂದ, "ಅಂಚಲ್ಲಿ ಸ್ವಲ್ಪ ನೀಲಿ" ಅಂದುಬಿಟ್ಟ.

ಅವಳ ಕೈ ಗುಂಡಿಯ ಮೇಲೆ ನಿಂತಿತು.

"ಚೆಂದ ಇತ್ತು ಕಣೇ" ಎಂದು ಅವನು ಮೆಲ್ಲಗೆ ಹೇಳಿದ. "ತಿರುವಲ್ಲಿ ಎರಡೂ ಎದ್ದು ಬಂದ್ವು. ನಾನು ನೋಡ್ತಾನೇ ಇದ್ದೆ. ಆಮೇಲೆ ನೋಡಿದ್ರೆ ರಸ್ತೆನೇ ಇಲ್ಲ. ಎಲ್ಲ ಬಿಳಿ. ಸೈಕಲ್ ಹ್ಯಾಂಡಲ್ಲೂ ಕಾಣ್ಲಿಲ್ಲ. ಗಾಳೀಲಿ ತೇಲ್ತಾ ಇದೀನೇನೋ ಅನ್ಕೊಂಡೆ. ಚರಂಡೀಲಿ ಬಿದ್ದಿದ್ದೆ."

"ಯಾಕ್ರೀ ನಂಗೆ ಹೇಳ್ಲಿಲ್ಲ?"

"ಅದನ್ನ ಮಾಡೋವಾಗ ನಿನ್ನ ಮುಖ ನೋಡಿದ್ನಲ್ಲ. ಹೇಗೆ ಹೇಳ್ಲಿ?"

ಆ ದಿನದ ಬ್ರೆಡ್ಡಿಗೆ ಉಪ್ಪು ಬೀಳಲಿಲ್ಲ. ನಾಲ್ಕು ಅಂಗಡಿಯವರೂ ಫೋನ್ ಮಾಡಿದರು. ಅವಳು ಎಲ್ಲರಿಗೂ "ಹೌದು, ಹೌದು" ಎಂದಷ್ಟೇ ಹೇಳಿ ಇಟ್ಟಳು. ಸಂಜೆ ತಮ್ಮನಿಗೆ ಹೇಳಿ, ಆ ಒಂಬತ್ತರಲ್ಲಿ ಒಂದು ಕಾರನ್ನು ಹಿತ್ತಲಿಗೆ ತರಿಸಿ, ಎದುರಿಗೆ ಸೈಕಲ್ಲಿನ ಎತ್ತರದ ಸ್ಟೂಲಿಟ್ಟು ತಾನೇ ಕೂತಳು. "ಹಾಕು" ಅಂದಳು.

ಬೆಳಕು ಬಂತು. ಶೆಡ್ಡು, ಬಟ್ಟೆ ಒಣಗುವ ತಂತಿ, ಕಾರಿನೊಳಗಿದ್ದ ತಮ್ಮ, ಒಂದೂ ಉಳಿಯಲಿಲ್ಲ. ತೊಡೆಯ ಮೇಲಿದ್ದ ತನ್ನ ಕೈಗಳು ಯಾರದೋ ಕೈಗಳಂತೆ ದೂರದಲ್ಲಿದ್ದವು. ಇಷ್ಟು ದಿನ ಅವಳು ಬೆಳಕಿನ ಬೆನ್ನ ಹಿಂದೆ ನಿಂತೇ ನೋಡಿದ್ದಳು. ಎದುರಿಗೆ ಒಮ್ಮೆಯೂ ಬಂದಿರಲಿಲ್ಲ. ತಮ್ಮ ದೀಪ ಆರಿಸಿದ.

"ಒಂಬತ್ತನ್ನೂ ವಾಪಸ್ ಕರ್ಸು" ಅಂದಳು.

"ತಲೆ ಕೆಟ್ಟಿದೆಯಾ ಅಕ್ಕ? ಯಾರೂ ಕೇಳಿಲ್ಲ."

"ನಾನು ಕೇಳ್ತಿದೀನಲ್ಲ."

ತಮ್ಮನಿಗೆ ಅಕ್ಕನ ಹಟ ಹೊಸದಲ್ಲ. ಗೊಣಗುತ್ತಲೇ ಹೋಗಿ ಲೆನ್ಸುಗಳಿಗೆ ಆರ್ಡರ್ ಕೊಟ್ಟ. ಲೆನ್ಸು ಇದ್ದರೆ ಬೆಳಕು ಸಿಕ್ಕಾಪಟ್ಟೆ ಚೆಲ್ಲುವುದಿಲ್ಲ. ಮೇಲಂಚು ಚಾಕುವಿನಲ್ಲಿ ಕೊಯ್ದಂತೆ ನೇರವಾಗಿ ನಿಲ್ಲುತ್ತದೆ. ಅಂಚಿನ ಕೆಳಗೆ ರಸ್ತೆ ಬೆಳಗುತ್ತದೆ, ಮೇಲೆ ಎದುರಿನವರ ಕಣ್ಣಿಗೆ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಅವಳು ಹಿತ್ತಲಿನ ಗೋಡೆಗೆ ಸುಣ್ಣ ಬಳಿದು, ಕಾರು ನಿಲ್ಲುವ ಜಾಗ ಅಳೆದು, ಪ್ರತಿ ಕಾರಿನ ಲೈಟಿನ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಬೆಳಕು ಆ ಗೆರೆ ದಾಟಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಸ್ಟೈಲುವನ್ನು ಒಪ್ಪಿಸುವುದು. "ನನ್ನ ಕಾರಿಂದು ಊರಿಗೇ ಫೇಮಸ್ಸು. ಈಗ ತಲೆ ತಗ್ಗಿಸ್ಕೊಂಡು ಓಡಾಡು ಅಂತೀರಾ?" ಎಂದು ಕೇಳಿದ.

"ಸ್ಟೂಲ್ ಮೇಲೆ ಕೂತ್ಕೊ."

ದಿನವಿಡೀ ಬೇರೆಯವರನ್ನು ಕೂರಿಸುವವನಿಗೆ ತಾನು ಕೂರುವುದು ಹೊಸದು. ಗಡ್ಡ ನೀವಿಕೊಂಡು ಕೂತ. ಅವಳು ಕಾರಿನ ದೀಪ ಹಾಕಿ, ಸದ್ದಿಲ್ಲದೆ ಬಂದು ಅದರ ಪಕ್ಕದಲ್ಲೇ ನಿಂತಳು.

"ಅಯ್ಯೋ, ಆರಿಸಿ ಅಕ್ಕ."

"ಸ್ವಲ್ಪ ತಡ್ಕೊ. ಎದುರಿಗೆ ಏನ್ ಕಾಣುತ್ತೆ?"

"ಏನೂ ಇಲ್ಲ."

"ನಾನಿದೀನಿ. ನಿನ್ನಿಂದ ನಾಲ್ಕೇ ಹೆಜ್ಜೆಗೆ."

ಅವನು ಕಣ್ಣು ಕಿರಿದು ಮಾಡಿ ಹುಡುಕಿದ. ಸಿಗಲಿಲ್ಲ. ದೀಪ ಆರಿದ ಮೇಲೆ ಅವನ ದನಿ ಬೇರೆಯಾಗಿತ್ತು. "ನಮ್ಮಮ್ಮ ಸಾಯಂಕಾಲ ಅಂಗಡಿಯಿಂದ ನಡ್ಕೊಂಡೇ ಮನೆಗೆ ಹೋಗ್ತಾರೆ ಅಕ್ಕ" ಅಂದ. ಯಾರ ಮಣಿಕಟ್ಟು ಮುರಿದದ್ದು ಎಂದು ಅವಳು ಅವನಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಹೊರಡುವಾಗ ಮಾತ್ರ ಅವನು ಮಗುವಿನ ಹಾಗೆ ಕೇಳಿದ, "ಉಂಗುರನಾದ್ರೂ ಇರುತ್ತಾ?"

"ಇರ್ಲಿ ಬಿಡು. ಉಂಗುರ ಯಾರ ಕಣ್ಣೂ ಕುಕ್ಕಲ್ಲ."

ಒಂಬತ್ತರಲ್ಲಿ ಏಳು ಬಂದವು. ಒಬ್ಬ ಕಾರನ್ನು ದೂರದ ಊರಿಗೆ ಮಾರಿಬಿಟ್ಟಿದ್ದ. ಇನ್ನೊಬ್ಬ ಫೋನಿನಲ್ಲೇ ರೇಗಿ, ಮತ್ತೆ ಎತ್ತಲಿಲ್ಲ. ಆ ಎರಡು ಜೊತೆ ದೀಪಗಳು ಎಲ್ಲೋ ಯಾರದೋ ಕಣ್ಣಿಗೆ ಬೀಳುತ್ತಲೇ ಇರಬೇಕು. ಹಿಟ್ಟು ನಾದುವಾಗ ಅವು ನೆನಪಾಗಿ ಅವಳ ಕೈ ನಿಧಾನವಾಗುತ್ತದೆ. ಗಂಡನ ಮಣಿಕಟ್ಟು ಕೂಡಿಕೊಂಡಿತು, ಆದರೆ ಪೂರ್ತಿ ತಿರುಗದು. ಅವನು ಗಾಜಿನ ಕೊಳವೆಗಳನ್ನು ಎಡಗೈಯಲ್ಲಿ ತೊಳೆಯಲು ಕಲಿತ.

ಗೆರೆ ದಾಟದ ಬೆಳಕು ಎಲ್ಲರಿಗೂ ಹಿಡಿಸಲಿಲ್ಲ. ಮರದ ತುದಿ ನೋಡಬೇಕೆನ್ನುವವರು ಬೇರೆ ಗ್ಯಾರೇಜು ಹುಡುಕಿಕೊಂಡರು. ಕೆಲವು ತಿಂಗಳು ಶೆಡ್ಡಿನ ಓವನ್ ತಣ್ಣಗೇ ಇತ್ತು. ಆಮೇಲೆ ಒಂದು ದಿನ ಶಾಲಾ ವ್ಯಾನಿನ ಚಾಲಕಿ ಬಂದಳು. ಗಂಡನ ಶಾಲೆಯವಳೇ. ಬೆಳಗಿನ ಜಾವ ಮಂಜಿನಲ್ಲಿ ಏರುರಸ್ತೆ ಹತ್ತಿ ಮಕ್ಕಳನ್ನು ಕರೆತರುವ ಕೆಲಸ ಅವಳದು. ವ್ಯಾನಿನ ದೀಪಗಳು ಮುದುಕರ ಕಣ್ಣಿನಂತೆ ಹಳದಿಗಟ್ಟಿದ್ದವು. ಬ್ರೆಡ್ಡಕ್ಕ ಅವನ್ನು ಐದು ದಿನ ಇಟ್ಟುಕೊಂಡಳು. ಗೆರೆಯನ್ನು ಇನ್ನೊಂದು ಬೆರಳು ಕೆಳಗಿಳಿಸಿ, ಬೆಳಕಿಗೆ ತುಸು ಬೆಣ್ಣೆಯ ಬಣ್ಣ ಕೊಟ್ಟಳು.

ವಾರದ ನಂತರ ಚಾಲಕಿ ಬೆಳಗಿನ ಬ್ರೆಡ್ಡಿನ ಹೊತ್ತಿಗೇ ಬಾಗಿಲಿಗೆ ಬಂದು ನಿಂತಳು. "ಹತ್ತಿ ಅಕ್ಕ, ನಿಮ್ಮ ಲೈಟು ಏನ್ ಮಾಡುತ್ತೆ ಅಂತ ಒಂದ್ಸಲ ನೋಡಿ. ಬರೀ ಗೋಡೆ ಮೇಲೆ ನೋಡಿದ್ರೆ ಏನ್ ಬಂತು?"

ಗಂಡ ಬ್ರೆಡ್ಡಿನ ಕಡೆ ತಾನು ನೋಡಿಕೊಳ್ಳುವುದಾಗಿ ಹೇಳಿದ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಮುಂದಿನ ಸೀಟಿಗೆ ಹತ್ತಿದಳು.

ಊರು ಮುಗಿದು ಮಂಜು ಶುರುವಾಯಿತು. ಬೆಳಕು ಮಂಜನ್ನು ಗುದ್ದಲಿಲ್ಲ, ಅದರ ಕೆಳಗೆ ನುಸುಳಿ ರಸ್ತೆಯನ್ನು ಚಾಪೆಯಂತೆ ಒಂದಿಷ್ಟೊಂದಿಷ್ಟೇ ಬಿಡಿಸುತ್ತಾ ಹೋಯಿತು. ಒದ್ದೆ ಹುಲ್ಲಿನ ಅಂಚು, ಒಂದು ಮೈಲಿಗಲ್ಲು, ಯಾರೋ ಬೀಳಿಸಿ ಹೋದ ಕೆಂಪು ಕೈಚೀಲ. ಒಂದು ತಿರುವಿನಲ್ಲಿ ಹಾಲಿನ ಕ್ಯಾನು ಹಿಡಿದು ನಡೆದು ಬರುತ್ತಿದ್ದ ಮುದುಕನೊಬ್ಬ ಕಂಡ. ಬೆಳಕು ಅವನ ಚಪ್ಪಲಿ ಮುಟ್ಟಿ, ಮಂಡಿ ಮುಟ್ಟಿ, ಸೊಂಟದ ಹತ್ತಿರ ನಿಂತಿತು. ಮುಖ ತನ್ನ ಪಾಡಿಗೆ ನಸುಗತ್ತಲಿನಲ್ಲೇ ಇತ್ತು. ಅವನು ವ್ಯಾನು ಗುರುತಿಸಿ ಕೈ ಬೀಸಿದ. ಚಾಲಕಿಯೂ ಬೀಸಿದಳು.

"ದಿನಾ ಸಿಗ್ತಾರೆ. ಮುಂಚೆ ಹಳೇ ಲೈಟಲ್ಲಿ ನಂಗೆ ಸರಿಯಾಗಿ ಕಾಣ್ತಿರ್ಲಿಲ್ಲ, ನಾನು ಬಂದ್ರೆ ಬೇಲಿಗೆ ಅಂಟ್ಕೊಂಡು ನಿಲ್ತಿದ್ರು" ಅಂದಳು.

ಬ್ರೆಡ್ಡಕ್ಕ ಏನೋ ಹೇಳಲು ಬಾಯಿ ತೆರೆದಳು. ಹೀಟರಿನ ಬಿಸಿ ಕಾಲಿಗೆ ಹದವಾಗಿ ತಾಗುತ್ತಿತ್ತು. ಮುಂದೆ ರಸ್ತೆ ಬಿಡಿಸಿಕೊಳ್ಳುತ್ತಲೇ ಇತ್ತು. ಹೇಳಬೇಕೆಂದದ್ದು ಮಂಜಿನಲ್ಲಿ ಎಲ್ಲೋ ಕರಗಿತು, ತಲೆ ಮೆಲ್ಲಗೆ ಕಿಟಕಿಗೆ ಒರಗಿ ನಿದ್ದೆ ಹತ್ತಿತು. ಮೊದಲ ಮಗು ಹತ್ತಿ, "ಇವರ್ಯಾರು, ಟೀಚರಾ?" ಎಂದು ಕೇಳಿದಾಗ, ಚಾಲಕಿ ತುಟಿಯ ಮೇಲೆ ಬೆರಳಿಟ್ಟು ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡಳು.