ಎಂಜಿನ್ ಕಟ್ಟುತ್ತಿದ್ದ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಎಂದೋ ಪ್ರೊಪೆಲ್ಲರ್ ಸವರಿಕೊಂಡು ಹೋಗಿತ್ತಂತೆ. ಆ ನುಣುಪಾದ ತುದಿಯಿಂದಲೇ ಒಂದೊಂದು ಬೋಲ್ಟನ್ನೂ ತಡವಿ ನೋಡುತ್ತಿದ್ದರು.

ದೊಡ್ಡಬಳ್ಳಾಪುರದ ಆಚೆ, ರಾಜಘಟ್ಟದ ಕಡೆಯ ಬಯಲಿನಲ್ಲಿ ಇಬ್ಬರೇ ಕೂರುವ ಪುಟ್ಟ ವಿಮಾನಗಳ ಶೆಡ್ಡು. ವಾಯುಪಡೆಯಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಅಲ್ಲಿ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಸುತ್ತಿದ್ದರು. ಮಗ್ಗದ ಮನೆಯಿಂದ ಬಂದ ನಾನು ಅವರ ಶಿಷ್ಯೆ. ಬೋಲ್ಟ್ ಬಿಗಿಯುವಾಗ ಯಾರಾದರೂ ಮಾತಾಡಿಸಿದರೆ ಅಷ್ಟನ್ನೂ ಸಡಿಲಿಸಿ ಮೊದಲಿಂದ ಶುರು ಮಾಡುವರು. "ಕೆಳಗೆ ಕೆಟ್ರೆ ರಸ್ತೆ ಪಕ್ಕ ನಿಲ್ಲಿಸ್ಬೋದು. ಮೇಲೆ ಎಲ್ಲಿ ನಿಲ್ಲಿಸ್ತೀಯಮ್ಮ?" ಎನ್ನುತ್ತಿದ್ದರು. ಅವರ ಗದರಿಕೆಗೆ ಪೈಲಟ್‌ಗಳೂ ಬೆದರುತ್ತಿದ್ದರು.

ವಯಸ್ಸಾಗುತ್ತ ಮರೆವು ಶುರುವಾಯಿತು. ಕೈಯಲ್ಲೇ ಸ್ಪ್ಯಾನರ್ ಹಿಡಿದು ಸ್ಪ್ಯಾನರ್ ಹುಡುಕುವರು. ಶೆಡ್ಡಿನಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಒಂದು ಬೆಳಗ್ಗೆ ಅವರು ಕಟ್ಟಿ ಮುಗಿಸಿದ ಎಂಜಿನ್ನಿನ ಮೊದಲ ಹಾರಾಟ. ಪೈಲಟ್ ಪಕ್ಕ ತಾವೂ ಬೆಲ್ಟ್ ಹಾಕಿಕೊಂಡು ಕೂತರು. ವಿಮಾನದ ಸುತ್ತ ನೋಡಿಕೊಂಡು ಬರುತ್ತಿದ್ದ ನಾನು ಹೊಗೆ ಕೊಳವೆಯ ಹತ್ತಿರ ನಿಂತುಬಿಟ್ಟೆ. ಕೊಳವೆಯನ್ನು ಹಿಡಿದಿಡುವ ಸ್ಪ್ರಿಂಗುಗಳಿಗೆ ತಂತಿ ಸುತ್ತಿರಲಿಲ್ಲ. ಅದುರಿ ಅದುರಿ ಸ್ಪ್ರಿಂಗ್ ಮುರಿದರೆ ಬೀಳದಂತೆ ತಡೆಯುವುದು ಆ ತಂತಿಯೇ. ಇಲ್ಲದಿದ್ದರೆ ಮುರಿದ ಚೂರು ನೇರ ಹಿಂದಿನ ಪ್ರೊಪೆಲ್ಲರಿಗೆ.

ವಿಮಾನ ಬೀಳುವ ಭಯ ಒಂದು ಕಡೆ, ಎಲ್ಲರೆದುರು ಅವರಿಗೆ ಹೇಳಬೇಕಲ್ಲ ಎಂಬ ಭಯ ಇನ್ನೊಂದು ಕಡೆ. ಪೈಲಟ್ ಸ್ಟಾರ್ಟರಿಗೆ ಕೈ ಹಾಕಿದ. ನಾನು ಹೋಗಿ ವಿಮಾನದ ಮೂತಿಗೆ ಅಡ್ಡ ನಿಂತೆ.

"ಸರ್, ಇಳೀರಿ."

"ಯಾಕೆ?"

"ಸ್ಪ್ರಿಂಗಿಗೆ ತಂತಿ ಸುತ್ತಿಲ್ಲ ಸರ್."

"ಸುತ್ತಿದೀನಿ. ಪಕ್ಕಕ್ಕೆ ಹೋಗು."

"ಹೋಗಲ್ಲ ಸರ್. ನೀವೇ ಬಂದು ನೋಡಿ."

ಇಳಿದು ಬಂದರು. ಬಗ್ಗಿ ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

"ಸುತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ಕಣಮ್ಮ," ಎಂದರು ಮೆಲ್ಲಗೆ. ಆಮೇಲೆ, "ಇನ್ಮೇಲೆ ನಾನು ಕೇಳಿದ್ರೂ ಟೂಲ್ಸ್ ಕೊಡ್ಬೇಡ."

ಹಾಗೆ ಹೇಳಿದ್ದನ್ನೂ ಮರೆತು ಎಷ್ಟೋ ಸಲ ಬಂದು ಕೇಳಿದರು. ಕೊಡದೆ, ಕೂರಿಸಿ ಟೀ ತರಿಸುತ್ತಿದ್ದೆ. ಹೋದ ವರ್ಷ ತೀರಿಕೊಂಡರು. ಕೊನೆಕೊನೆಗೆ ನಾನು ಯಾರೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಈಗ ಅಲ್ಲಿ ಎಂಜಿನ್ ಕಟ್ಟುವವಳು ನಾನು. ಕಟ್ಟಿದ್ದನ್ನು ಇನ್ನೊಬ್ಬರು ನೋಡದೆ ಹಾರಲು ಬಿಡುವುದಿಲ್ಲ. ನೋಡಿದವರು "ಎಲ್ಲ ಸರಿಯಾಗಿದೆ ಮೇಡಂ" ಎಂದಾಗಲೂ, ನನಗೆ ಹೆದರಿ ಹಾಗೆನ್ನುತ್ತಿಲ್ಲ ತಾನೇ ಎಂದು ಅವರ ಮುಖ ನೋಡುತ್ತೇನೆ.